ಗೇಟಿನ ಕಣ್ಣು

ವಿಜಯದಶಮಿಯ ಬೆಳಗ್ಗೆ ನಾರಾಯಣಗೂಡದ ಮೇಲೆ ಬೀಳುತ್ತಿದ್ದದ್ದನ್ನು ಮಳೆ ಅನ್ನುವ ಹಾಗಿರಲಿಲ್ಲ. ಯಾರೋ ಮೋಡವನ್ನು ಜರಡಿಗೆ ಹಾಕಿ ಸೋಸುತ್ತಿರುವಂತೆ ಸಣ್ಣ ಹನಿ. ಛತ್ರಿ ಬಿಚ್ಚಿದವರಿಗೆ ನಾಚಿಕೆ, ಬಿಚ್ಚದವರ ತಲೆಯೆಲ್ಲ ತೇವ. ಬಾಗಿಲ ತೋರಣದ ಚೆಂಡುಹೂವು ನೀರು ಕುಡಿದು ಜೋತುಬಿದ್ದಿತ್ತು. ಮಾಳಿಗೆಯ ಕೋಣೆಯಲ್ಲಿ ಕಲ್ಯಾಣಪ್ಪನಿಗೆ ಇದಾವುದರ ಪರಿವೆಯೂ ಇರಲಿಲ್ಲ. ರಿಮೋಟು ಹಿಡಿದು ಅವನು ಗೇಣುದ್ದದ ಒಂದು ರೈಲ್ವೆ ಗೇಟನ್ನೇ ದಿಟ್ಟಿಸುತ್ತ ನಿಂತಿದ್ದ. ಗುಂಡಿ ಒತ್ತಿದ. ಗೇಟು ಬೀಳಲಿಲ್ಲ. ಇನ್ನೊಮ್ಮೆ ಒತ್ತಿದ. ಗೇಟಿನ ಎರಡೂ ತೋಳು ಆಕಾಶ ನೋಡುತ್ತ ಹಾಗೇ ನಿಂತಿದ್ದವು.

ಅದು ಆಟಿಕೆಯ ಗೇಟಾದರೂ ಅದರ ಬೇರು ಸೇಡಂ ಆಚೆಯ ತೊಗರಿ ಹೊಲಗಳ ನಡುವೆ ಇತ್ತು. ಕಲ್ಯಾಣಪ್ಪನ ತಂದೆ ಗುರುಬಸವ ಅಲ್ಲಿ ಗೇಟ್‌ಮನ್ ಆಗಿದ್ದ. ತಾಯಿ ಗಂಗಾಬಾಯಿ ಮದುವೆಯಾಗಿ ಬಂದು ಒಲೆ ಹೂಡಿದ್ದು ಗೇಟಿನ ಪಕ್ಕದ ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ. ಗಂಡ ಚಕ್ರ ತಿರುವುವುದು, ಎರಡು ತೋಳು ಕೈಮುಗಿಯುವ ಹಾಗೆ ಬಾಗುವುದು, ಅಷ್ಟು ದೊಡ್ಡ ರೈಲು ಅದಕ್ಕೆ ಕಾದಿತ್ತೇನೋ ಎಂಬಂತೆ ಬಂದು ಹೋಗುವುದು, ಇದನ್ನೆಲ್ಲ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು: "ಒಂದ್ ಸಲ ನಾ ತಿರುವಲೇನ್ರಿ?"

"ಸರ್ಕಾರದ ಗೇಟದು. ಬ್ಯಾರೇದವ್ರು ಮುಟ್ಟಂಗಿಲ್ಲ," ಅಂದ ಗುರುಬಸವ. ಆಮೇಲೆ ಹೆಂಡತಿಯ ಮುಖ ನೋಡಿ, "ಒಂದಿನ ನಿನ್ನ ಕೈಲೆ ಹಾಕಸ್ತೀನಿ ತಗೊ," ಎಂದ.

ಆ ಒಂದು ದಿನ ಬರಲೇ ಇಲ್ಲ. ನಿಯಮ ಮೀರುವ ಜೀವವಲ್ಲ ಅದು. ಹಾಸಿಗೆ ಹಿಡಿದಾಗ ಮಗನ ಕೈಯಿಂದ ನೀರು ಕುಡಿದು, "ನಿಮ್ಮವ್ವಗ ಕೊಟ್ಟ ಗೇಟಿನ ಮಾತು ಹಂಗ ಉಳೀತು ನೋಡು," ಎಂದಿದ್ದ. ಆ ಮಾತು ಅಂದಿನಿಂದ ಕಲ್ಯಾಣಪ್ಪನ ಹೆಗಲೇರಿ ಕೂತಿತ್ತು.

ಬೇಗಂಪೇಟೆಯ ಆಫೀಸಿನಿಂದ ನಿವೃತ್ತನಾದ ಮೇಲೆ ಅವನು ಮಾಳಿಗೆಯಲ್ಲಿ ದೊಡ್ಡದೊಂದು ಮೇಜು ಹಾಕಿ ಅದರ ಮೇಲೆ ಸೇಡಂ ಕಟ್ಟತೊಡಗಿದ. ಶಹಾಬಾದ ಕಲ್ಲನ್ನು ಕುಟ್ಟಿ ಹಳಿಗಳ ನಡುವೆ ಹಾಸಿದ. ತೊಗರಿ ಹೊಟ್ಟು ಹರಡಿ ಹೊಲ ಮಾಡಿದ. ಕ್ವಾರ್ಟರ್ಸಿಗೆ ನೀಲಿ ಬಾಗಿಲು ಬಳಿದ. ಓಡುವ ರೈಲಿನ ಕರೆಂಟು ಬೇರೆ, ಉಳಿದ ಸಾಮಾನಿನ ಕರೆಂಟು ಬೇರೆ ಎಂದು ಎರಡು ದಾರಿ ಎಳೆದ. ರೈಲು ಹಳಿ ತಪ್ಪಿ ಒಂದು ಕಡೆ ಕತ್ತಲಾದರೂ ಇನ್ನೊಂದು ಕಡೆ ದೀಪ ಉಳಿಯಬೇಕು. ಮೇಜಿನ ಅಂಚಿಗೆ ಮೂರು ಕರಿ ಡಬ್ಬಿ ಕೂರಿಸಿದ: ಸ್ಟೇಷನ್ ದೀಪಕ್ಕೊಂದು, ಸಿಗ್ನಲ್ಲಿಗೊಂದು, ಗೇಟಿಗೊಂದು. ಪ್ರತಿ ಡಬ್ಬಿಯ ಮುಖಕ್ಕೂ ಗುಲಗಂಜಿಯಷ್ಟು ಕರಿ ಗಾಜಿನ ಕಣ್ಣು. ರಿಮೋಟಿನಿಂದ ಹೊರಡುವ, ನಮ್ಮ ಕಣ್ಣಿಗೆ ಕಾಣದ ಬೆಳಕು ಆ ಕಣ್ಣಿಗೆ ಕಾಣುತ್ತದೆ. ಯಾವ ಗುಂಡಿ ಒತ್ತಿದರೂ ಮೂರೂ ಡಬ್ಬಿಗಳ ತಲೆಯ ಮೇಲಿನ ಕೆಂಪು ಚುಕ್ಕೆ ಮಿಟುಕುತ್ತದೆ, ಕೇಳಿಸಿತು ಅನ್ನುವ ಹಾಗೆ. ಆದರೆ ಕೆಲಸ ಮಾಡುವುದು ಹೆಸರು ಕರೆಸಿಕೊಂಡ ಡಬ್ಬಿ ಮಾತ್ರ.

ಮೊನ್ನೆ ಸಂಜೆ ಮೂರೂ ಸರಿಯಿದ್ದವು. ನಿನ್ನೆ ಆಯುಧಪೂಜೆ. ಪೂಜೆಯಾದ ಮೇಲೆ ಮರುದಿನದ ತನಕ ಆಯುಧ ಮುಟ್ಟುವ ಪದ್ಧತಿ ಅವರ ಮನೆಯಲ್ಲಿಲ್ಲ. ಯಾರೂ ಮುಟ್ಟದ ಗೇಟು ರಾತ್ರೋರಾತ್ರಿ ಕಿವುಡಾದದ್ದು ಹೇಗೆ? ಇವತ್ತು ಸಂಜೆಯ ಗಾಡಿಗೆ ಗಂಗಾಬಾಯಿ ಸೇಡಂನಲ್ಲಿರುವ ಮಗಳು ನೀಲಾಳ ಮನೆಗೆ ಹೊರಡುವವಳಿದ್ದಳು. ಈ ವಯಸ್ಸಿನಲ್ಲಿ ಹೋದವಳು ಮತ್ತೆ ಮಾಳಿಗೆ ಹತ್ತಿಯಾಳೇ? ಅದು ಬಾಯಿಬಿಟ್ಟು ಆಡುವ ಮಾತಲ್ಲ. ಇವತ್ತು ಅವಳ ಕೈಯಿಂದ ಬಿದ್ದರೆ ಬಿತ್ತು ಗೇಟು.

ಹಬ್ಬಕ್ಕೆಂದು ಕೊಂಡಾಪುರದಿಂದ ಬಂದಿದ್ದ ಮಗಳು ವಿಜಯಶ್ರೀ ಚಹದ ಕಪ್ಪು ಹಿಡಿದು ಮೇಲೆ ಬಂದಳು.

"ಏನ್ರಿ ಸ್ಟೇಷನ್ ಮಾಸ್ತರ, ಮಾರಿ ಯಾಕ ಇಳದೈತಿ?"

"ಗೇಟ್ ಮಾತ ಕೇಳವಲ್ದವಾ."

"ರಿಮೋಟಿನ ಸೆಲ್ ಹೋಗಿರಬೇಕು."

"ಸೆಲ್ ಹೋದ್ರ ಸ್ಟೇಷನ್ ದೀಪ ಹೆಂಗ ಹತ್ತತಾವ?"

ವಿಜಯಶ್ರೀ ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಗೆ ಹಿಡಿದಳು. "ಈಗ ಗೇಟಿನ ಗುಂಡಿ ಒತ್ತರಿ." ಬರಿಗಣ್ಣಿಗೆ ಏನೂ ಇರಲಿಲ್ಲ. ಫೋನಿನ ಗಾಜಿನೊಳಗೆ ಮಾತ್ರ ರಿಮೋಟಿನ ತುದಿಯಲ್ಲಿ ನೇರಳೆ ಹೂವೊಂದು ಅರಳಿ ಅರಳಿ ಮುದುಡುತ್ತಿತ್ತು. ಕಲ್ಯಾಣಪ್ಪ ಬಂದ ಕೆಲಸ ಮರೆತು ಇನ್ನೂ ನಾಲ್ಕು ಸಲ ಒತ್ತಿ ನೋಡಿದ. ಇಷ್ಟು ದಿನ ತನ್ನ ಕೈಯಿಂದಲೇ ಹೊರಡುತ್ತಿದ್ದ ಬೆಳಕು. ಇವತ್ತು ಅದರ ದರ್ಶನವಾಯಿತು. ಕಾಣದ್ದೆಲ್ಲ ಇಲ್ಲವೆಂದಲ್ಲ ಎಂದು ಪುರಾಣದಲ್ಲಿ ಕೇಳಿದ್ದು ಹೀಗೆ ಮಾಳಿಗೆಯ ಮೇಲೆ ಸಿಕ್ಕೀತೆಂದು ಅವನು ಎಣಿಸಿರಲಿಲ್ಲ.

"ಸಾಕ್ರಿ ಅಪ್ಪಾ, ಬೆಳಕ ಐತಿ. ಮೋಟರ್ ನೋಡೂಣು."

ಗೇಟಿನ ಎರಡು ವೈರುಗಳನ್ನು ಡಬ್ಬಿಯಿಂದ ಬಿಚ್ಚಿ ಬ್ಯಾಟರಿಗೆ ತಾಕಿಸಿದರು. ತೋಳುಗಳು ಕೊಂಚ ಬಾಗಿದವು. ಕಲ್ಯಾಣಪ್ಪ ಚಟ್ಟನೆ ಕೈ ತೆಗೆದು ವೈರು ತಿರುಗಿಸಿ ತಾಕಿಸಿ, ತೋಳುಗಳನ್ನು ಮತ್ತೆ ಮೇಲಕ್ಕೆತ್ತಿದ. ಪೂರ್ತಿ ಬೀಳಿಸುವುದು ಅವನಿಗೆ ಬೇಡವಾಗಿತ್ತು. ವೈರು ಮೊದಲಿನಂತೆ ಕಟ್ಟಿ, ಡಬ್ಬಿಗೆ ಕರೆಂಟು ಬರುತ್ತಿದೆಯೇ ಎಂದು ಮೀಟರ್ ಇಟ್ಟು ನೋಡಿದ. ಬರುತ್ತಿತ್ತು.

"ಹಂಗಾದ್ರ ಡಬ್ಬೀನ ಸತ್ತೈತಿ. ಇವತ್ತ ದಸರಾ, ಅಂಗಡಿ ಯಾವೂ ತೆರೆಯಂಗಿಲ್ಲ," ಅಂದಳು ವಿಜಯಶ್ರೀ. "ಆಯಿ ಗುಂಡಿ ಒತ್ತಿದಾಗ ನೀವು ಬೆರಳಲೇ ಇಳಸರಿ. ಆಯಿಗೇನ ಗೊತ್ತಾಗ್ತದ?"

"ಆಕಿಗೆ ಗೊತ್ತಾಗಲಿಕ್ಕಿಲ್ಲ. ನಮ್ಮಪ್ಪಗ ಗೊತ್ತಾಗ್ತದ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಉಸಿರಿನ ಸದ್ದು. ಗೋಡೆ ಹಿಡಿದು ಗಂಗಾಬಾಯಿಯೇ ಹತ್ತಿ ಬಂದಳು. ಹಣೆತುಂಬ ವಿಭೂತಿ, ಸೆರಗಿನ ಗಂಟಿನಲ್ಲಿ ಬನ್ನಿ ಎಲೆ. ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತು ಮಗನ ಮುಖ, ಮೊಮ್ಮಗಳ ಮುಖ ನೋಡಿದಳು.

"ಏನಾತು, ಗಾಡಿ ಲೇಟೇನು?"

"ಗೇಟಿಗೆ ನಮ್ಮ ಕೂಗ ಮುಟ್ಟವಲ್ದು ಅವ್ವಾ."

"ಅದು ಎದರಲೇ ಕೇಳ್ತದೋ?"

"ಕೇಳಂಗಿಲ್ಲ, ನೋಡ್ತದ. ಇಲ್ಲಿ ಒಂದು ಕಣ್ಣೈತಿ ನೋಡು..." ಎಂದು ಕಲ್ಯಾಣಪ್ಪ ಬಗ್ಗಿ ಡಬ್ಬಿಯ ಮುಖಕ್ಕೆ ಬೆರಳಿಟ್ಟ. ಬೆರಳಿಗೆ ಗಾಜಿನ ನುಣುಪು ಸಿಗಲಿಲ್ಲ. ಒಣಗಿದ ಗಾರೆಯಂಥದ್ದೇನೋ ಒರಟಾಗಿ ಹತ್ತಿತು.

ವಿಭೂತಿ. ಮೂರು ಬೆರಳಿನ ದಪ್ಪ ಪಟ್ಟೆ, ನಡುವೆ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ನಿನ್ನೆ ಮನೆಯ ಫ್ರಿಜ್ಜಿಗೂ ಮಿಕ್ಸಿಗೂ ಸ್ಕೂಟರಿಗೂ ನಲ್ಲಿಗೂ ಅವ್ವನ ಕೈಯಿಂದ ಅದೇ ಪಟ್ಟೆ ಬಿದ್ದಿತ್ತು. ಬೆಳಗಿನಿಂದ ಈ ಡಬ್ಬಿಯ ಮೇಲೂ ಅದನ್ನು ಕಂಡಿದ್ದ ಕಲ್ಯಾಣಪ್ಪ. ಹಬ್ಬದ ಮನೆಯಲ್ಲಿ ವಿಭೂತಿ ಇರುವುದೇ ಸಹಜ ಎಂದು ಅವನ ಕಣ್ಣು ಅದನ್ನು ದಾಟಿ ಹೋಗಿತ್ತು. ಈಗ ಉಳಿದೆರಡು ಡಬ್ಬಿ ನೋಡಿದ. ಅವಕ್ಕೆ ನೆತ್ತಿಯ ಮೇಲೆ ತೆಳುವಾಗಿ ಎಳೆದಿತ್ತು. ಗೇಟಿನದಕ್ಕೆ ಮಾತ್ರ ತುಂಬಿದ ಭಕ್ತಿಯಿಂದ, ಹಣೆಯೆಂದು ತಿಳಿದು, ಕಣ್ಣಿಗೇ.

ಅವನು ನೆಟ್ಟಗಾದ. ವಿಜಯಶ್ರೀ ಬಾಯಿ ತೆರೆಯುವವಳಿದ್ದಳು. ತಂದೆಯ ಕಣ್ಸನ್ನೆ ಕಂಡು ಚಹದ ಕಪ್ಪಿನೊಳಗೆ ನೋಡತೊಡಗಿದಳು. ನಿನ್ನ ವಿಭೂತಿಯೇ ಅಡ್ಡ ಬಂತು ಎಂದು ಹಬ್ಬದ ದಿನ ಹೆತ್ತವಳಿಗೆ ಹೇಗೆ ಹೇಳುವುದು? ತಾನೇ ಒರೆಸೋಣವೆಂದರೆ, ದೇವರ ಹೆಸರಲ್ಲಿ ಹಚ್ಚಿದ್ದು.

ಗಂಗಾಬಾಯಿ ಮಗನ ಬೆರಳ ತುದಿಯ ಬಿಳಿ ನೋಡಿದಳು. ಡಬ್ಬಿ ನೋಡಿದಳು. ಆಮೇಲೆ ಹೊಟ್ಟೆ ಅಲುಗುವ ಹಾಗೆ ನಕ್ಕಳು.

"ನಾನ ಅದರ ಕಣ್ಣ ಮುಚ್ಚೀನಲ್ಲೋ. ಅಷ್ಟೂ ಹೇಳಾಕ ಬಾಯಿಲ್ಲ ನಿನಗ."

"ಹಂಗಲ್ಲ ಅವ್ವಾ..."

"ಹಂಗಽ ಐತಿ. ಕರ್ರಗ ಗುಂಡಗ ಇತ್ತು, ಪುಟ್ಟ ಲಿಂಗದಂಗ ಕಂಡ್ತು. ನಿಮ್ಮಪ್ಪನ ಗೇಟಂತ ಒಂದೀಟು ಹೆಚ್ಚ ಹಚ್ಚಿದೆ."

ಅವಳು ಬಗ್ಗಿ, "ಶಿವಾ" ಎಂದು ಬೆರಳು ತೇವ ಮಾಡಿಕೊಂಡು ಡಬ್ಬಿಯ ವಿಭೂತಿಯನ್ನು ನಿಧಾನವಾಗಿ ತೆಗೆದಳು. ತೆಗೆದದ್ದನ್ನು ನೆಲಕ್ಕೆ ಉದುರಿಸಲಿಲ್ಲ. ತನ್ನ ಹಣೆಯ ಪಟ್ಟೆಯ ಮೇಲೇ ಹಚ್ಚಿಕೊಂಡಳು. ಸೆರಗಿನ ಚುಂಗಿನಿಂದ ಗಾಜನ್ನು ಕೂಸಿನ ಕಣ್ಣು ಒರೆಸುವಂತೆ ಒರೆಸಿದಳು.

ಕಲ್ಯಾಣಪ್ಪ ಸ್ಟೇಷನ್ ದೀಪದ ಗುಂಡಿ ಒತ್ತಿದ. ದೀಪ ಹೊತ್ತಿದವು, ಮೂರೂ ಡಬ್ಬಿಗಳ ಕೆಂಪು ಚುಕ್ಕೆ ಒಟ್ಟಿಗೆ ಮಿಟುಕಿದವು. ಗೇಟು ಕಣ್ಣು ಬಿಟ್ಟಿತ್ತು.

"ಗೇಟಿನ ಗುಂಡೀನೂ ಒಮ್ಮೆ ಒತ್ತಿ ನೋಡ್ರಿ ಅಪ್ಪಾ," ಅಂದಳು ವಿಜಯಶ್ರೀ.

"ಬ್ಯಾಡ. ಅದು ನಂದಲ್ಲ."

ಅವನು ಮೇಜಿನ ಮೂಲೆಯಲ್ಲಿದ್ದ, ರೈಲು ಓಡಿಸುವ ಗುಬುಟು ತಿರುವಿದ. ದೂರದ ತಿರುವಿನಲ್ಲಿ ರೈಲು ಹೊರಟಿತು. ರಿಮೋಟಿನ ಗುಂಡಿಗೆ ಸಿಗ್ನಲ್ಲು ಹಸಿರಾಯಿತು. ಕಿಟಕಿಯಾಚೆಯ ಹನಿ ಯಾವಾಗಲೋ ನಿಂತು, ಸೋಸಿದ ಬಿಸಿಲು ತೊಗರಿ ಹೊಟ್ಟಿನ ಹೊಲದ ಮೇಲೆ ಬಿದ್ದಿತ್ತು. ಗಂಗಾಬಾಯಿ ಮುಂದಕ್ಕೆ ಬಾಗಿ, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಗುರುಬಸವ ನೋಡುತ್ತಿದ್ದ ಹಾಗೇ.

"ತಡಿ ತಡಿ. ಎತ್ತಿನ ಬಂಡಿ ಹಳಿ ಮ್ಯಾಲ ನಿಂತೈತಿ. ಮೊದಲ ಅದು ದಾಟ್ಲಿ."

ವಿಜಯಶ್ರೀ ನಗದೆ, ಬೆರಳಷ್ಟು ಬಂಡಿಯನ್ನು ಎತ್ತುಗಳ ಸಮೇತ ಹಳಿಯಿಂದ ಆಚೆ ದಾಟಿಸಿದಳು. ರೈಲು ಗೇಟಿನ ಈಚೆಯ ಪುಟ್ಟ ಬೇವಿನ ಮರದ ಹತ್ತಿರ ಬಂತು. ಕಲ್ಯಾಣಪ್ಪ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡ. ತಾಯಿಯ ಅಂಗೈ ಬಿಡಿಸಿ, ಅದರಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಗೇಟಿನ ಗುಂಡಿಯ ಮೇಲೆ ಮಡಿಸಿದ.