ಕಂಬದ ಪಕ್ಕದ ಜಾಗ

ಒರೆಸಿದಷ್ಟೂ ಮತ್ತೆ ಮಂಜು, ಲೆನ್ಸಿನ ಮೇಲೆ ಯಾರೋ ಹಾ ಎಂದು ಉಸಿರು ಬಿಟ್ಟ ಹಾಗೆ, ಕಡಲೂ ಇಲ್ಲ ತೆಂಗೂ ಇಲ್ಲ, ಬರೀ ಬಿಳುಪು — ಈ ಮದುವೆ ಪ್ಲಾನರಮ್ಮನ ಬುದ್ಧಿಗೆ ಏನು ಹೇಳಲಿ, ನನ್ನ ಕ್ಯಾಮೆರಾ ಬ್ಯಾಗನ್ನು ರಾತ್ರಿಯೆಲ್ಲ ಏಸಿ ರೂಮಿನಲ್ಲಿಟ್ಟಿದ್ದಾಳೆ, ಸೆಕೆಗೆ ಕೆಡಬಾರ್ದು ಅಂತ ಸಾರ್ ಎಂದು ಹಲ್ಲು ಕಿರಿದಳು, ಈ ಬೆವರು ಸುರಿಸುವ ಊರಿನಲ್ಲಿ ತಣ್ಣಗಿನ ಗಾಜು ಹೊರಗೆ ಬಂದರೆ ಅದೂ ಬೆವರುತ್ತದೆ ಅನ್ನುವಷ್ಟೂ ಗೊತ್ತಿಲ್ಲದವಳು ನಾಳೆ ಮದುವೆ ನಡೆಸುತ್ತಾಳಂತೆ, ಕಾಯಬೇಕು, ಗಾಜು ಬಿಸಿಯಾಗುವವರೆಗೂ ಈ ರೆಸಾರ್ಟಿನ ಮರಳಿನಲ್ಲಿ ನಿಂತು ಇವರ ಮುಖ ನೋಡುತ್ತಿರಬೇಕು, ಅದು ಇನ್ನೂ ದೊಡ್ಡ ಶಿಕ್ಷೆ. ಮದುಮಗಳಿಗೆ ನಡುಮಧ್ಯಾಹ್ನದ ಬಿಸಿಲೇ ಬೇಕು, ವಿಮಾನ ಹತ್ತಿ ಬಂದಿರೋದೇ ಇದಕ್ಕೆ ಸಾರ್, ಎಲ್ಲ ಬೆಳ್ಳಗೆ ಬರ್ಬೇಕು, ಬರುತ್ತೆ ತಾಯಿ, ನೆತ್ತಿಯ ಮೇಲಿನ ಸೂರ್ಯನಿಗೆ ಕಣ್ಣುಗಳು ಗುಂಡಿಗಳಾಗಿ ಬರುತ್ತವೆ, ಮೂಗಿನ ಕೆಳಗೆ ನೆರಳಿನ ಮೀಸೆ, ಮದುಮಗನಿಗೊಂದು ನಿನಗೊಂದು; ಕ್ಯಾಮೆರಾ ಇರುವುದೇ ಗೊತ್ತಿಲ್ಲದ ಹಾಗೆ ನಗುವ ಫೋಟೋ ಬೇಕಂತೆ, ಅದಕ್ಕೇ ಇವತ್ತು ರಿಹರ್ಸಲ್ — ಗೊತ್ತಿಲ್ಲದ ಹಾಗೆ ನಗುವುದಕ್ಕೂ ರಿಹರ್ಸಲ್, ಥೂ, ಇದರಲ್ಲೇ ಹೊಟ್ಟೆ ಹೊರೆಯುವವನು ನಾನು.

ಬೆಳಿಗ್ಗೆ ಹುಡುಗಿಯ ತಾಯಿ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಸಾರ್ ಒಂದು ವಿಷ್ಯ, ನಮ್ಮೆಜಮಾನ್ರಿಗೆ ಸ್ಟ್ರೋಕ್ ಆದ್ಮೇಲೆ ಬಾಯಿ ಸೊಟ್ಟಗಾಗಿದೆ ನೋಡಿ, ಅವರನ್ನ ಮಂಟಪದ ಆ ಕಂಬದ ಪಕ್ಕ ನಿಲ್ಸಿ, ಹೂವಿನ ಮರೇಲಿ, ಬೀಗರ ಕಡೆಯವ್ರೆಲ್ಲ ಆಲ್ಬಮ್ ನೋಡ್ತಾರೆ — ಎಂಥ ಜನ, ಬೀಗರ ಮುಖ ನೋಡಿಕೊಂಡು ಗಂಡನ ಮುಖ ಮುಚ್ಚುವವರು, ಹಾಗಂತ ಬೈದೆನೇ, ಎಲ್ಲಿ, ಆಗ್ಲಿ ಅಮ್ಮ, ನೀಟಾಗಿ ಮಾಡೋಣ ಅಂದೆ, ಕೋಲೆಬಸವನ ಹಾಗೆ ತಲೆಯಾಡಿಸಿದೆ, ಈಗ ಕಂಬದ ಪಕ್ಕ ಮರಳಿನಲ್ಲಿ ಕಾಲಿನಿಂದ ಗೆರೆ ಎಳೆದವನೂ ನಾನೇ, ಯಜಮಾನ್ರೇ ನಾಳೆ ನೀವು ಇಲ್ಲಿ, ಬೆಳಕು ಇಲ್ಲೇ ಚೆನ್ನಾಗಿದೆ, ಸುಳ್ಳು, ಅಲ್ಲಿ ಬೆಳಕೇ ಇಲ್ಲ. ಬಂದು ಗೆರೆಯ ಮೇಲೆ ನಿಂತರು, ಕಂಬ ನೋಡಿದರು, ಹೂವು ನೋಡಿದರು, ಹೆಂಡತಿಯನ್ನು ನೋಡಿದರು, ಅವಳು ಫೋನು ನೋಡಿದಳು. ತೊದಲುತ್ತ, ಯಾಕೆ ಇಲ್ಲಿ ಅಂತ ಗೊತ್ತಪ್ಪ ನಂಗೆ, ಬೇಜಾರಿಲ್ಲ, ನಾಳೆ ಒಂದೇ ಒಂದು ಫೋಟೋ, ಮಗಳ ಜೊತೆ ಮುಂದೆ ನಿಂತು, ಹೀಗೆ ಹಿಡ್ಕೋತೀನಿ, ನೆಟ್ಟಗೆ ಕಾಣ್ಸುತ್ತಾ ತೆಗೆದು ನೋಡು — ಜೋತುಬಿದ್ದ ತುಟಿಯ ತುದಿಯನ್ನು ತೋರುಬೆರಳಿನಿಂದ ಮೇಲೆತ್ತಿ ಹಿಡಿದಿದ್ದಾರೆ, ನಗುತ್ತಿದ್ದಾರೆ, ಅರ್ಧ ತಾವೇ, ಇನ್ನರ್ಧ ಬೆರಳು, ಕ್ಯಾಮೆರಾ ಎತ್ತಿದ್ದೇನೆ, ಗಾಜು ತಿಳಿಯಾಗಿದೆ, ಎಲ್ಲ ಕಾಣುತ್ತಿದೆ, ಕೈ ತೆಗೀರಿ ಯಜಮಾನ್ರೇ, ಕಂಬ ಬಿಟ್ಟು ಮುಂದೆ ಬನ್ನಿ, ಅಷ್ಟೇ ಅನ್ನಬೇಕು, ಅಷ್ಟೇ, ಹುಡುಗಿಯ ತಾಯಿ ನನ್ನನ್ನೇ ನೋಡುತ್ತಿದ್ದಾಳೆ, ಆಯ್ತಾಪ್ಪ ಅಂದರು ಯಜಮಾನರು, ಇನ್ನೊಂಚೂರು ಇರಿ ಅಂದೆ, ಯಾಕೆ ಹಾಗಂದೆ, ಪರವಾಗಿಲ್ಲಪ್ಪ, ಹಿಡ್ಕೊಂಡೇ ಇರ್ತೀನಿ ಅನ್ನುತ್ತಾರೆ, ಬೆರಳು ಜಾರಿದರೆ ಮತ್ತೆ ಎತ್ತಿ ಹಿಡಿಯುತ್ತಾರೆ, ಬಿಡುತ್ತಿಲ್ಲ, ಬೆರಳು, ತುಟಿಯ ತುದಿಯಲ್ಲಿ ಬೆರಳು