ಜಳಕದ ಮರೆ

ನಾನು ಒಂದು ಮರೆ. ನಾಲ್ಕು ಬಿದಿರುಕೋಲಿಗೆ ಕಟ್ಟಿದ ಬಟ್ಟೆಯ ಪರದೆ. ಬೆಟಗೇರಿಯ ಕೈಮಗ್ಗವೊಂದರಲ್ಲಿ ಹುಟ್ಟಿದೆ. ನೂಲು ದಪ್ಪ, ಬಣ್ಣ ಕಡುನೀಲಿ. ಜಮಖಾನೆಯಾಗಿ ಮದುವೆಮನೆಗಳಲ್ಲಿ ಹರಡಿಕೊಳ್ಳಬೇಕಾದವನು. ಅಂಚು ಸ್ವಲ್ಪ ಸೊಟ್ಟಗಾಯಿತೆಂದು ಅಂಗಡಿಯವನು ನನ್ನನ್ನು ಬದಿಗಿಟ್ಟಿದ್ದ.

ಅಲ್ಲಿಗೆ ನೀಲಪ್ಪ ಹಡಪದ ಬಂದ. ಗದಗಿನಲ್ಲಿ ಕ್ಷೌರದಂಗಡಿ ಇಟ್ಟವನು. ನನ್ನನ್ನು ಬೆಳಕಿಗೆ ಎತ್ತಿ ಹಿಡಿದು, ಆಚೆ ಕಡೆ ಕೈಯಾಡಿಸಿ ನೋಡಿದ. ಕೈ ಕಾಣಲಿಲ್ಲ. "ಇದಾ ಬೇಕಾಗಿತ್ತು ನನಗ" ಅಂದ.

ನನ್ನ ಕೆಲಸ ಏನೆಂದು ಆ ಮಂಗಳವಾರ ತಿಳಿಯಿತು. ಅಂಗಡಿಗೆ ರಜೆಯ ದಿನ ನೀಲಪ್ಪ ಕಾಯಿಪಲ್ಲೆ ಮಾರುಕಟ್ಟೆಯ ಹಿಂದಿನ ನಳದ ಹತ್ತಿರ ಬರುತ್ತಿದ್ದ. ಬೀದಿಯಲ್ಲೇ ಬದುಕುವ ಗಂಡಸರಿಗೆ ಕೂದಲು ಕತ್ತರಿಸಿ, ಬಿಸಿನೀರು ಹಾಕಿ ಮೈತೊಳೆಯುತ್ತಿದ್ದ. ವೀರೇಶ ಎಂಬ ಆಟೋದವನು ನೀರಿನ ಹಂಡೆ ತರುತ್ತಿದ್ದ. ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಳಾದ ಶಂಶಾದಬಿ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದಳು. ಜಳಕ ಮಾಡುವವರ ಸುತ್ತ ನಾನು ನಿಲ್ಲುತ್ತಿದ್ದೆ. ನೀಲಪ್ಪ ನೀರು ಹಾಕುವ ಮೊದಲು ಪ್ರತಿ ಸಲ ಕೇಳುತ್ತಿದ್ದ, "ಬಿಸಿ ಸಾಕೇನ್ರಿ?" ವರ್ಷಗಟ್ಟಲೆ ಯಾರೂ 'ರಿ' ಎಂದು ಕರೆಯದವರು ಆ ಮಾತಿಗೆ ತಲೆ ಎತ್ತಿ ನೋಡುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು. ನನ್ನ ಬಣ್ಣ ಮಾಸಿತು, ಆದರೆ ಒಂದು ತೂತೂ ಬೀಳಲಿಲ್ಲ.

ಆಮೇಲೆ ಇಟಗಿ ಮಾಸ್ತರರು ಕಾಣಿಸಿಕೊಂಡರು. ಹಿಂದೆ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು. ಹೆಂಡತಿ ತೀರಿದ ಮೇಲೆ ತಲೆ ಕೆಟ್ಟಂತಾಗಿ ಊರು ಬಿಟ್ಟು, ಮಾರುಕಟ್ಟೆಯ ಕಟ್ಟೆಗೆ ಬಂದು ಬಿದ್ದಿದ್ದರು. ಬೆನ್ನಿನ ಮೇಲೆ ಹುಣ್ಣಾಗಿತ್ತು. ಯಾರು ಮುಟ್ಟಹೋದರೂ ಅಂಗಿಯ ಗುಂಡಿ ಬಿಗಿಹಿಡಿಯುತ್ತಿದ್ದರು. ನೀಲಪ್ಪ ನಾಲ್ಕು ಮಂಗಳವಾರ ಅವರ ಪಕ್ಕದಲ್ಲಿ ಸುಮ್ಮನೆ ಕೂತು ಚಹಾ ಕುಡಿದ.

ಐದನೆಯ ವಾರ ಮಾಸ್ತರರೇ ಬಾಯಿಬಿಟ್ಟರು. "ನನ್ನ ಕಡೆ ಕಲಿತವ್ರು ಈ ಸಂತಿಗೆ ಬರ್ತಾರಪಾ. ನನ್ನ ಹಿಂಗ ನೋಡಿದ್ರ?"

"ನೋಡಂಗಿಲ್ರಿ ಮಾಸ್ತರ. ಈ ಬಟ್ಟಿ ದಾಟಿ ಯಾರ ಕಣ್ಣೂ ಬರಂಗಿಲ್ಲ. ಮಾತು ಕೊಡ್ತೀನಿ."

ಮಾಸ್ತರರು ನನ್ನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ಹೂಂ ಅಂದರು.

ಅದೇ ದಿನಗಳಲ್ಲಿ ಒಂದು ಟ್ರಸ್ಟಿನವರು ಜೊತೆಗೂಡಿದ್ದರು. ಸಾಬೂನು, ಟವೆಲ್ಲು, ಹೊಸ ಬಟ್ಟೆ ಅವರೇ ತರುತ್ತಿದ್ದರು. ನನ್ನ ಮೇಲೂ ಅವರ ಹೆಸರು ಅಚ್ಚಾಯಿತು. ಫೋಟೋ ಬೇಕೆಂದು ಅಧ್ಯಕ್ಷರು ಎರಡು ಸಲ ಕೇಳಿದ್ದರು. ನೀಲಪ್ಪ ಎರಡು ಸಲವೂ ಬೇಡ ಎಂದಿದ್ದ.

ಮಾಸ್ತರರು ಹೂಂ ಅಂದ ದಿನವೇ ಅವರ ಬೆನ್ನಿಗೆ ಮೊದಲ ತಂಬಿಗೆ ನೀರು ಬಿತ್ತು. ಅವರು ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟರು. ನೀಲಪ್ಪ ಬಗ್ಗಿ ಅವರ ಪಾದ ಉಜ್ಜುತ್ತಿದ್ದ. ನನ್ನ ಮೂಲೆಯ ಕೋಲು ಹಿಡಿದು ನಿಂತವನು ವೀರೇಶ. ಹೊರಗೆ ನಿಂತಿದ್ದ ಅಧ್ಯಕ್ಷರು ಅವನತ್ತ ನೋಡಿ ಕಣ್ಸನ್ನೆ ಮಾಡಿದರು. ಕೋಲು ಒಂದು ಗೇಣು ಸರಿಯಿತು. ನಾನೂ ಸರಿದೆ. ಹಿಡಿದ ಕೈ ಎತ್ತ ಎಳೆದರೆ ಅತ್ತ ಹೋಗುವುದಷ್ಟೇ ನನಗೆ ಗೊತ್ತು. ಆ ಸಂದಿನಿಂದ ಮೊಬೈಲು ಇಣುಕಿತು. ನೀಲಪ್ಪ ತಲೆ ಎತ್ತುವ ಹೊತ್ತಿಗೆ ನಾನು ಮತ್ತೆ ಮುಚ್ಚಿಕೊಂಡಿದ್ದೆ.

ಮುಂದಿನ ಮಂಗಳವಾರ ಮಾರುಕಟ್ಟೆಯ ಎದುರಿಗೇ ಫ್ಲೆಕ್ಸ್ ನಿಂತಿತ್ತು. 'ಮೊದಲು' ಎಂಬ ಅಕ್ಷರದ ಕೆಳಗೆ ಬೆತ್ತಲೆ ಬೆನ್ನು, ಹುಣ್ಣು, ಎದೆಗೆ ಅವಚಿಕೊಂಡ ಕೈಗಳು. 'ನಂತರ' ಎಂಬಲ್ಲಿ ಹೊಸ ಅಂಗಿ ತೊಟ್ಟ ಅದೇ ಮಾಸ್ತರರು. ನಡುವೆ ಕೈಮುಗಿದ ಅಧ್ಯಕ್ಷರು. ಮಾಸ್ತರರು ಅದರ ಕೆಳಗೇ ನಿಂತಿದ್ದರು.

ನೀಲಪ್ಪ ವೀರೇಶನ ಕಡೆ ತಿರುಗಿದ. "ಕೋಲು ನೀನಾ ಹಿಡಕೊಂಡಿದ್ದಿ ಅಲ್ಲಲೇ."

"ಒಂದ್ ಫೋಟೋ ಕಾಕಾ. ಅದನ್ನ ನೋಡಿ ನಾಕ್ ಮಂದಿ ಸಹಾಯ ಮಾಡ್ತಾರ. ಅವ್ರಿಗೇ ಒಳ್ಳೇದಲ್ಲ?"

"ಅವ್ರನ್ನ ಕೇಳಿದ್ಯಾ?"

ನೀಲಪ್ಪ ಕ್ಷೌರದ ಕತ್ತಿಯಿಂದಲೇ ಹಗ್ಗ ಕೊಯ್ದು ಫ್ಲೆಕ್ಸನ್ನು ಇಳಿಸಿದ. ನನ್ನನ್ನು ಹೆಗಲಿಗೆ ಹಾಕಿಕೊಂಡು ಮಾಸ್ತರರ ಹತ್ತಿರ ಹೋದ. ಅವರು ನನ್ನನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದರು.

"ತಪ್ಪಾತ್ರಿ ಮಾಸ್ತರ" ಅಂದ ನೀಲಪ್ಪ.

"ನಿನ್ನ ಕೈ ಚೊಲೋದೈತಿ ನೀಲಪ್ಪ" ಎಂದರು ಮಾಸ್ತರರು. "ಆದ್ರ ನನಗ ಇನ್ನ ಜಳಕ ಬ್ಯಾಡ." ಹೊಸ ಅಂಗಿಯನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟು, ಗಂಟಿನಲ್ಲಿದ್ದ ಹಳೆಯದನ್ನೇ ತೊಟ್ಟು ನಡೆದುಬಿಟ್ಟರು. ಶಂಶಾದಬಿ ಪಟ್ಟಿಯ ಡಬ್ಬಿ ಹಿಡಿದು ರೈಲು ನಿಲ್ದಾಣದವರೆಗೂ ಹುಡುಕಿದಳು. ಸಿಗಲಿಲ್ಲ.

ನೀಲಪ್ಪ ನೇರ ಟ್ರಸ್ಟಿನ ಕಚೇರಿಗೆ ಹೋಗಿ ನನ್ನನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟ. "ಹೆಂಗೂ ನಿಮ್ಮ ಹೆಸರೈತಿ. ಇಟ್ಕೋರಿ." ಅಷ್ಟೇ ಹೇಳಿ ಹೊರಟ. ತಿರುಗಿ ನೋಡಲಿಲ್ಲ. ವೀರೇಶ ಮಾಡಿದ್ದಕ್ಕಿಂತ ಅದೇ ನನಗೆ ಹೆಚ್ಚು ಚುಚ್ಚಿತು. ಆರು ವರ್ಷ ಯಾರ ಮಾನ ಕಾಯಲು ನಿಂತೆನೋ, ಅವರೇ ನನ್ನನ್ನು ಕಂಡು ಹೆದರಿದರು. ಯಾರು ನನ್ನನ್ನು ಆರಿಸಿ ತಂದನೋ, ಅವನೇ ಬಿಟ್ಟು ಹೋದ.

ಈಗ ನಾನು ಟ್ರಸ್ಟಿನ ಸಾಮಾನು ಕೋಣೆಯಲ್ಲಿದ್ದೇನೆ. ಧ್ವನಿವರ್ಧಕಗಳಿಗೆ ಧೂಳು ಬೀಳದಂತೆ ನನ್ನನ್ನು ಹೊದಿಸಿದ್ದಾರೆ. ಮಡಿಕೆಗಳಲ್ಲಿ ನುಸಿ ಹಿಡಿದಿದೆ. ಹೋದ ವಾರ ಯಾವುದೋ ಸಾಮಾನು ಒಯ್ಯಲು ವೀರೇಶ ಬಂದಿದ್ದ. ನನ್ನ ಮೂಲೆ ಹಿಡಿದು ಧೂಳು ಕೊಡವಿದ. ಆಮೇಲೆ ಕಾವಲುಗಾರನಿಗೆ ಹೇಳಿದ, "ನೀಲಪ್ಪ ಕಾಕಾ ಈಗ ಮಂದೀನ ತನ್ನ ಮನೀಗೇ ಕರಕೊಂಡ್ ಹೋಗ್ತಾನ. ಬಚ್ಚಲಕ್ಕ ಹೊಸಾ ಬಾಗಿಲಾ ಹಚ್ಚ್ಯಾನ. ಬೆನ್ನು ತಿಕ್ಕು ಅಂತ ಅವ್ರಾ ಕರದ್ರ ಅಷ್ಟಾ ಒಳಗ ಹೋಗ್ತಾನ."

ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ಆ ಬಾಗಿಲನ್ನೇ ಯೋಚಿಸುತ್ತ ಬಿದ್ದುಕೊಂಡೆ. ಅದಕ್ಕೆ ಒಳಗಡೆ ಚಿಲಕವಿರುತ್ತದೆ. ಅದನ್ನು ಹಾಕುವುದೂ ತೆಗೆಯುವುದೂ ಜಳಕ ಮಾಡುವವನ ಕೈಯಲ್ಲೇ ಇರುತ್ತದೆ.