ಇಪ್ಪತ್ತೊಂದು ಬಸ್ಕಿ

ಇಂದುಧರ ಪ್ಲಾಟ್‌ಫಾರ್ಮಿನ ನಡುವೆ ಬಂದು ನಿಂತ. ಪ್ಲಾಟ್‌ಫಾರ್ಮೆಂದರೆ ನಾಲ್ಕು ಬೆಂಚು ಜೋಡಿಸಿ ಮೇಲೆ ಜಮಖಾನ ಹಾಸಿದ್ದು. ರೈಲೆಂದರೆ ಒಬ್ಬರ ಷರಟು ಒಬ್ಬರು ಹಿಡಿದುಕೊಂಡು 'ಚುಕುಬುಕು' ಎನ್ನುತ್ತಿದ್ದ ಎಂಟನೇ ಕ್ಲಾಸಿನ ಹುಡುಗರು. ಬೋಗಿಗಳಲ್ಲಿ ಒಂದಕ್ಕೆ ಶೀತವಾಗಿ ಆಗಾಗ ಮೂಗೆಳೆಯುತ್ತಿತ್ತು.

ಮೂರನೇ ಸಾಲಿನಲ್ಲಿ ಕೂತಿದ್ದ ಮೀನಾಕ್ಷಿ ತೊಡೆಯ ಮೇಲಿನ ಬ್ಯಾಗನ್ನು ಒತ್ತಿ ನೋಡಿಕೊಂಡಳು. ಹದಿನಾರು ಪುಟ ಒಳಗೇ ಇದ್ದವು.

"ಇವ್ನೇ ಅಲ್ವೇನಮ್ಮಿ, ಹೋದ್ ವರ್ಸದ ಹುಡ್ಗ?" ಪಕ್ಕದಲ್ಲಿದ್ದ ಅವ್ವ ದೇವೀರಮ್ಮ ಕೇಳಿದಳು. ಹೆಣ್ಣುಮಕ್ಕಳ ಜತೆಗೆ ಒಬ್ಬ ತಾಯಿ ಬರಬೇಕೆಂಬುದು ಹಳೇಬೀಡು ಹೈಸ್ಕೂಲಿನ ಕಟ್ಟಳೆ. ತಮ್ಮೂರು ಬಸ್ತಿಹಳ್ಳಿಯಿಂದ ಎರಡು ವರ್ಷವೂ ಅವಳೇ ಬಂದಿದ್ದಳು.

"ಹೂಂ."

"ಉದ್ದ ಆಗವ್ನೆ."

ಹೋದ ವರ್ಷ ಅವನು ಗಿಡ್ಡನೇ. ಅರಸೀಕೆರೆ, ಬೇಲೂರು, ಹಳೇಬೀಡು, ಮೂರೂರಿನ ಹೈಸ್ಕೂಲುಗಳ ಓದುಗರ ಬಳಗದವರು ವರ್ಷಕ್ಕೊಮ್ಮೆ ಒಂದೂರಲ್ಲಿ ಸೇರಿ, ತಮ್ಮ ವಯಸ್ಸಿನವರಿಗೆಂದು ಬರೆದ ಒಂದು ಕಾದಂಬರಿಯ ಹಬ್ಬ ಮಾಡುತ್ತಿದ್ದರು: ಭಾಷಣ, ನಾಟಕ, ಕೊನೆಗೆ ಬಹುಮಾನ. ಆ ಸಲ ಬೇಲೂರಿನಲ್ಲಿ, ಈ ಸಲ ಅರಸೀಕೆರೆಯಲ್ಲಿ. ಬೇಲೂರಿನಲ್ಲಿ ಮೀನಾಕ್ಷಿ ಕಾದಂಬರಿಯ ಬಗ್ಗೆ ಐದು ನಿಮಿಷ ಮಾತಾಡಿ ಇಳಿದ ಮೇಲೆ ವಿನೋದಾವಳಿ ಎಂದು ಅರಸೀಕೆರೆಯ ಇಂದುಧರ ಹತ್ತಿದ್ದ. ಮೊದಲು ಬಸ್ ಕಂಡಕ್ಟರ್: "ಚಿಲ್ರೆ ಕೊಡಿ, ಚಿಲ್ರೆ ಬುದ್ಧಿ ಬಿಡಿ!" ಆಮೇಲೆ ಹೆಡ್ಮಾಸ್ಟರರ ಕೆಮ್ಮು. ಕೊನೆಗೆ ಟವೆಲ್ಲನ್ನು ಜಡೆಯ ಹಾಗೆ ಹೆಗಲ ಮೇಲೆ ಇಳಿಬಿಟ್ಟುಕೊಂಡು ಕಣ್ಣರಳಿಸಿ ಶುರು ಮಾಡಿದ: "ಈ ಕಾದಂಬ್ರೀಲಿ ಒಂದ್ ಮರ ಐತೆ. ಮರದ ಮ್ಯಾಲೆ ಗೂಡೈತೆ. ಗೂಡೊಳ್ಗೆ ಮೊಟ್ಟೆ ಐತೆ. ಮೊಟ್ಟೆ ಒಡುದ್ರೆ ಹಳೇಬೀಡೈತೆ!" ದನಿ, ಕತ್ತಿನ ಓರೆ, ಉಸಿರು ತಗೊಳ್ಳುವ ಜಾಗ ಎಲ್ಲವೂ ಮೀನಾಕ್ಷಿಯದೇ. ಹಾಲಿಗೆ ಹಾಲೇ ನಕ್ಕಿತು. ಅವಳು ಎಣಿಸಿದಳು. ಎಣಿಸುತ್ತಿದ್ದರೆ ಕಣ್ಣೀರು ಬರುವುದಿಲ್ಲ. ಇಪ್ಪತ್ತೊಂದು 'ಐತೆ'.

ಅವ್ವನೂ ನಕ್ಕಿದ್ದಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದ್ದಳು: "ಕೊನೇಗೆ ಆ ಹುಡ್ಗ ಯಾರ್ ತರ ಆಡಿದ್ದು? ಬಲೇ ಪಸಂದಾಗಿತ್ತು."

ಅವತ್ತಿನಿಂದ ಮೀನಾಕ್ಷಿ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು. "ಬಾಯಿಗೆ ಬೀಗ, ಕೈಗೆ ಕೆಲಸ" ಎಂದು ಕನ್ನಡ ಮೇಷ್ಟ್ರು ಧರ್ಮೇಶ್ ಬಳಗದ ಪುಸ್ತಕಗಳ ಉಸ್ತುವಾರಿಯನ್ನು ಅವಳಿಗೆ ವಹಿಸಿದರು.

ಈ ವರ್ಷದ ಕಾದಂಬರಿ 'ಗಿರಿಜೆಯ ಗೂಡ್ಸ್ ಗಾಡಿ'. ಬರೆದವರು ಮೈಸೂರಿನ ಕಮಲಾಕ್ಷಮ್ಮ. ಅಚ್ಚಾಗಿ ಇಪ್ಪತ್ತು ವರ್ಷವಾಗಿ, ಎಲ್ಲೂ ಸಿಗದೆ, ಮೂರೂರಿಗೆ ಸೇರಿ ಒಂದೇ ಪ್ರತಿ. ಧರ್ಮೇಶ್ ಮೇಷ್ಟ್ರು ಬೈಂಡು ಬಿಚ್ಚಿ, ಪುಸ್ತಕವನ್ನು ಮೂರು ಭಾಗ ಮಾಡಿ, ಒಂದೊಂದಕ್ಕೂ ದಬ್ಬಣದಲ್ಲಿ ಹೊಲಿಗೆ ಹಾಕಿದರು. ಒಂದೊಂದು ಊರಿಗೆ ಒಂದೊಂದು ಭಾಗ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಅದಲುಬದಲು. ಬೇಲೂರಿನವರಿಗೆ ಮೊದಲು ಸಿಕ್ಕಿದ್ದು ಕೊನೆಯ ಭಾಗ. ಪಾಪ, ಅವರು ಊಟಕ್ಕೆ ಮೊದಲೇ ತಾಂಬೂಲ ಹಾಕಿಕೊಂಡಂತಾಯಿತು. ಅರಸೀಕೆರೆಯವರಿಗೆ ಮಾತ್ರ ಎಲ್ಲವೂ ಸಾಲಾಗಿ ಸಿಗುವ ಏರ್ಪಾಟು. ಅವರಿಗೆ ಕೊನೆಯ ಭಾಗ ಹೋಗಬೇಕಾದ್ದು ಹಳೇಬೀಡಿನಿಂದ, ಅಂದರೆ ಮೀನಾಕ್ಷಿಯ ಕೈಯಿಂದ.

ಗಿರಿಜೆ ರೈಲ್ವೆ ಗೇಟು ಕಾಯುವವನ ಮಗಳು. ಸ್ಟೇಷನ್ ಮಾಸ್ಟರರ ಮಗ ಸುಧೀಂದ್ರ ಇಡೀ ಕಾದಂಬರಿಯ ಉದ್ದಕ್ಕೂ ಅವಳನ್ನು ಆಡಿಕೊಳ್ಳುತ್ತಾನೆ, ಕಳ್ಳಿ ಎನ್ನುತ್ತಾನೆ. ಕೊನೆಗೆ ಅವನ ಅಪ್ಪನಿಗೆ ವರ್ಗವಾಗುತ್ತದೆ. ರೈಲು ಗೇಟು ದಾಟುವಾಗ ಗಿರಿಜೆ ಅವನಿಗೆ ಹಸಿರು ಬಾವುಟ ಬೀಸುತ್ತಾಳೆ. ಅಷ್ಟೇ. ಅವನು ಒಂದು ಮಾತೂ ಹೇಳುವುದಿಲ್ಲ.

ಮೀನಾಕ್ಷಿಗೆ ಓದಿ ಮೈಯೆಲ್ಲ ಉರಿಯಿತು. ಹೊಲಿಗೆ ಬಿಚ್ಚಿ ಕೊನೆಯ ಹದಿನಾರು ಪುಟ ತೆಗೆದಳು. ನೋಟ್‌ಬುಕ್ಕಿನ ಹಾಳೆಯಲ್ಲಿ ಮುತ್ತು ಪೋಣಿಸಿದಂತೆ ಬೇರೊಂದು ಅಧ್ಯಾಯ ಬರೆದು ಹೊಲಿದಳು. ಮೇಲೊಂದು ಚೀಟಿ: 'ಈ ಪುಟಗಳನ್ನು ಇಲಿ ಕಡಿದಿದೆ. ನೋಡಿ ನಕಲು ಮಾಡಿ ಕಳಿಸಿದ್ದೇವೆ.' ಅವಳ ಅಧ್ಯಾಯದಲ್ಲಿ ಸುಧೀಂದ್ರ ರೈಲಿನಿಂದ ಇಳಿಯುತ್ತಾನೆ.

ಈಗ ಅರಸೀಕೆರೆಯ ವೇದಿಕೆಯ ಮೇಲೆ ಅವನು ಇಳಿದಿದ್ದ. ಗಿರಿಜೆಯ ಪಾತ್ರದ ನಯನಾಳ ಮುಂದೆ ನಿಂತು, ಎಡಗೈಯಲ್ಲಿ ಬಲಗಿವಿ, ಬಲಗೈಯಲ್ಲಿ ಎಡಗಿವಿ ಹಿಡಿದುಕೊಂಡ.

"ತಪ್ಪಾಯ್ತು ಕಣವ್ವ," ಎಂದ. ಬರೆದ ಅಕ್ಷರ ಅಕ್ಷರ ಅದೇ. "ನಿನ್ ಮಾತ್ನ ನನ್ ಬಾಯಲ್ಲಿ ಆಡಿ ಊರ್ನೆಲ್ಲ ನಗುಸ್ದೆ. ಇಪ್ಪತ್ತೊಂದ್ ಬಸ್ಕಿ ಹೊಡೀತೀನಿ, ಎಣ್ಸ್ಕೊ."

ಹುಡುಗ ಎಷ್ಟೆಂದರೂ ನಟ. ದನಿ ನಡುಗಿಸಿದ, ಕಣ್ಣು ತುಂಬಿಕೊಂಡ. ಅರಸೀಕೆರೆಯ ಸಾಲುಗಳು ಚಪ್ಪಾಳೆ ಹೊಡೆದವು. ಬೇಲೂರಿನ ಸಾಲುಗಳಲ್ಲಿ ಮಾತ್ರ ಗುಸುಗುಸು ಎದ್ದಿತು. ಇಂದುಧರ ಕೂತ, ಎದ್ದ. ಕೂತ, ಎದ್ದ. ಮೀನಾಕ್ಷಿಯ ಬಾಯಿಗೆ ಒಂದು ವರ್ಷದಿಂದ ಇಲ್ಲದ ರುಚಿ ಬಂತು. ಪಕ್ಕದಲ್ಲಿ ಅವ್ವ ನಗುತ್ತಿರಲಿಲ್ಲ. ಮಡಿಲಲ್ಲಿದ್ದ ಕೈಯ ಹೆಬ್ಬೆರಳು ಬೆರಳುಗಳ ಗೆಣ್ಣಿನಿಂದ ಗೆಣ್ಣಿಗೆ ಸುಮ್ಮನೆ ಸರಿಯುತ್ತಿತ್ತು.

ಏಳನೆಯದಕ್ಕೆ, ಅತಿಥಿಯಾಗಿ ಬಂದಿದ್ದ ಕಮಲಾಕ್ಷಮ್ಮ ಮುಂದಿನ ಕುರ್ಚಿಯಿಂದ ಎದ್ದರು. "ಸ್ವಲ್ಪ ನಿಲ್ಸಪ್ಪ. ನನ್ನ ಸುಧೀಂದ್ರ ಬಸ್ಕಿ ಹೊಡೆಯೋದಿಲ್ಲ. ಅವನು ರೈಲಿಂದ ಇಳಿಯೋದೇ ಇಲ್ಲ."

ಬೇಲೂರಿನವರು ತಡೆದುಕೊಂಡಿದ್ದ ನಗು ಒಡೆಯಿತು. "ಓದ್ದೇ ನಾಟಕ ಕಟ್ಟವ್ರೆ ಕಣ್ರೋ!" ಎಂದು ಯಾರೋ ಕೂಗಿದರು. ಇಂದುಧರನ ಕೈ ಇನ್ನೂ ಕಿವಿಯ ಮೇಲೇ ಇತ್ತು.

"ಓದಿದ್ದೀವಿ ಮೇಡಂ!" ಅವನು ಮಾತು ಕಲಿಯಲು ಬಿಚ್ಚಿಟ್ಟುಕೊಂಡಿದ್ದ ಹಾಳೆಗಳನ್ನು ಜೇಬಿನಿಂದ ಎಳೆದ. "ನೋಡಿ, ಹಳೇಬೀಡಿಂದ ಬಂದಿದ್ದು ಇದೇನೇ."

ಹಾಳೆ ಕೈಯಿಂದ ಕೈಗೆ ಹೋಗಿ ಧರ್ಮೇಶ್ ಮೇಷ್ಟ್ರನ್ನು ತಲುಪಿತು. ಅವರು ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆ ಬರವಣಿಗೆಗೆ ಅವರೇ ಹತ್ತಕ್ಕೆ ಹತ್ತು ಕೊಟ್ಟವರು. ಆದರೂ ಹಾಳೆಗಳನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು.

ಸುಮ್ಮನೆ ಕೂತಿದ್ದರೆ ಮುಗಿದುಹೋಗುತ್ತಿತ್ತು. ತಪ್ಪು ಇಲಿಯ ತಲೆಗೆ, ನಗೆಪಾಟಲು ಇಂದುಧರನ ತಲೆಗೆ. ಆದರೆ ಕಳಿಸಿದವರ ಹೆಸರಿಲ್ಲದ ಸೇಡು ತಲುಪಿತೋ ಇಲ್ಲವೋ ಯಾರಿಗೆ ಗೊತ್ತು? ಮೀನಾಕ್ಷಿ ಎದ್ದಳು.

"ನಾನ್ ಬರ್ದಿದ್ದು," ಎಂದಳು. ವರ್ಷದಿಂದ ಕ್ಲಾಸಿನಲ್ಲಿ ಆಡದ ದನಿ ಕೀರಲಾಗಿ ಬಂತು. ಇನ್ನೊಮ್ಮೆ ಹೇಳಿದಳು. "ನಾನ್ ಬರ್ದಿದ್ದು. ಇಲಿ ಕಡ್ದಿಲ್ಲ ಮೇಡಂ. ಪುಟ ನನ್ ಬ್ಯಾಗಲ್ಲೇ ಐತೆ."

"ಐತೆ," ಎಂದು ಯಾರೋ ಹಿಂದೆ ಕಿಸಕ್ಕೆಂದರು. ಯಾರೂ ಜತೆಗೂಡಲಿಲ್ಲ.

"ಇಪ್ಪತ್ತೊಂದೇ ಯಾಕಮ್ಮ?" ಕಮಲಾಕ್ಷಮ್ಮ ಕೇಳಿದರು.

"ಅವನ್ನೇ ಕೇಳಿ ಮೇಡಂ. ಅವನ್ಗೆ ಗೊತ್ತು."

ಎಲ್ಲರೂ ಇಂದುಧರನ ಕಡೆ ತಿರುಗಿದರು. ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ನಟನೆಯಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದನ್ನು ಕಂಡು ಮೀನಾಕ್ಷಿಯ ಬಾಯಿಯ ರುಚಿ ಹೊರಟುಹೋಯಿತು. ಒಂದು ವರ್ಷ ಅವಳು ಹೊತ್ತು ತಿರುಗಿದ್ದನ್ನು ಅವನು ಅವತ್ತೇ ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಸಿಪ್ಪೆಯ ಜತೆ ಉದುರಿಸಿ ಬಂದಿದ್ದ.

ಬಹುಮಾನ ಬೇಲೂರಿಗೆ ಹೋಯಿತು. "ಮುಂದಿನ ವರ್ಷ ಹಳೇಬೀಡಿಗೆ ಪುಸ್ತಕ ಕಳಿಸೋದೋ ಬೇಡ್ವೋ, ಯೋಚ್ನೆ ಮಾಡ್ಬೇಕಾಗುತ್ತೆ," ಎಂದರು ಅರಸೀಕೆರೆಯ ಆಶಾರಾಣಿ ಮಿಸ್ಸು. ಧರ್ಮೇಶ್ ಮೇಷ್ಟ್ರು ತಲೆ ತಗ್ಗಿಸಿದರು. ಕಮಲಾಕ್ಷಮ್ಮ ಮಾತ್ರ ಆ ನೋಟ್‌ಬುಕ್ ಹಾಳೆಗಳನ್ನು ನಾಲ್ಕಾಗಿ ಮಡಿಸಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಹೋಗುವಾಗ ಮೀನಾಕ್ಷಿಯ ಹತ್ತಿರ ನಿಂತು, "ಇದು ನನಗಿರಲಿ. ನನ್ನದನ್ನ ಆ ಹುಡುಗನಿಗೆ ಕೊಟ್ಟು ಹೋಗು. ಓದೋ ಸರದಿ ಅವನದು," ಎಂದರು.

ಮೀನಾಕ್ಷಿ ಕೊಡದೆಯೇ ಹೊರಟಳು.

ಜಾವಗಲ್ ಮೇಲೆ ಹೋಗುವ ಹಳೇಬೀಡು ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ದೇವೀರಮ್ಮ ಕಿಟಕಿಯ ಪಕ್ಕದ ಸೀಟು ಹಿಡಿದು, ಸರಳಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಮೀನಾಕ್ಷಿ ಕೆಳಗೆ ನಿಂತು ಸೌತೆಕಾಯಿ ಕೊಳ್ಳುತ್ತಿದ್ದಾಗ ಇಂದುಧರ ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಬಂದ.

"ಆ ಪುಟ ಕೊಡು."

"ಬೇಲೂರೋರ್ನ ಕೇಳು. ಕೊನೇಗೆ ಏನಾಯ್ತದೆ ಹೇಳ್ತಾರೆ."

"ಹೇಳಿದ್ರು. ಏನೋ ಬಾವುಟ ಅಂತೆ. ಕೇಳಿದ್ರೆ ಸಾಲ್ದು ಕಣೇ, ನಾನು ಓದ್ಬೇಕು." ಅವನು ಬೆವರೊರೆಸಿಕೊಂಡ. "ನಾನೇನು ಮಾಡ್ದೆ ನಿನಗೆ? ಅದನ್ನಾದ್ರೂ ಹೇಳು."

ಮೀನಾಕ್ಷಿ ಜಡೆಯನ್ನು ಹೆಗಲ ಮುಂದಕ್ಕೆ ಎಳೆದುಕೊಂಡು ಕಣ್ಣರಳಿಸಿದಳು. "ಮರದ ಮ್ಯಾಲೆ ಗೂಡೈತೆ. ಗೂಡೊಳ್ಗೆ ಮೊಟ್ಟೆ ಐತೆ." ಅವನು ಅವಳನ್ನು ಅಣಕಿಸಿದ ಹಾಗೆಯೇ, ಅವನ ಅಣಕವನ್ನೇ ಅಣಕಿಸಿದಳು, ನಗುವಿಗೆ ಅವನು ಬಿಡುತ್ತಿದ್ದ ಜಾಗವನ್ನೂ ಬಿಟ್ಟು.

ಇಂದುಧರನ ಕಿವಿ ಕೆಂಪಾಯಿತು.

"ಅದು... ತಮಾಷೆಗೆ ಮಾಡಿದ್ದು."

"ಇವತ್ತಿಂದೂ ತಮಾಸೆಗೇ. ಇಪ್ಪತ್ತೊಂದು ಸಲ ಅಂದೆ ನೀನು. ನಮ್ಮವ್ವನ ಮುಂದೆ." ಅವಳು ಬ್ಯಾಗಿನಿಂದ ಹದಿನಾರು ಪುಟ ತೆಗೆದು ಎದೆಗವಚಿಕೊಂಡಳು. "ಬೇಕಾ? ಹೊಡಿ."

"ಇಲ್ಲೇನಾ?"

"ಮತ್ತೆಲ್ಲಿ?"

ಅವನು ಸುತ್ತ ನೋಡಿದ. ಗಂಡಸಿ ಊರಿನ ಬಸ್ಸಿಗೆ ಕಾಯುತ್ತಿದ್ದವರು, ಸೌತೆಕಾಯಿಯವಳು, ಬಾಗಿಲಲ್ಲಿ ಟೀ ಹೀರುತ್ತಿದ್ದ ಕಂಡಕ್ಟರ್. "ಏಳು ಆಗ್ಲೇ ಆಗಿದೆಯಲ್ಲ," ಎಂದ ಸಣ್ಣಗೆ.

"ಅದು ಸುಧೀಂದ್ರಂದು. ಲೆಕ್ಕಕ್ಕಿಲ್ಲ. ಮೊದ್ಲಿಂದ."

ಇಂದುಧರ ಪುಟಗಳನ್ನು ನೋಡಿದ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಕೈಗಳನ್ನು ಅಡ್ಡ ಮಾಡಿ ಕಿವಿ ಹಿಡಿದ. ಈ ಸಲ ದನಿ ನಡುಗಿಸಲಿಲ್ಲ, ಕಣ್ಣು ತುಂಬಿಕೊಳ್ಳಲಿಲ್ಲ. ಸೌತೆಕಾಯಿಯವಳ ಚಾಕು ನಿಂತಿತು. ಅವನು ಕೂತು, ಮೊಣಕಾಲು ಹಿಡಿದಂತಾಗಿ ತುಸು ತಡೆದು, ಎದ್ದ.

"ಎಂಟು," ಎಂದಿತು ಮೇಲಿನಿಂದ ಒಂದು ದನಿ.

ಮೀನಾಕ್ಷಿ ತಲೆ ಎತ್ತಿದಳು. ದೇವೀರಮ್ಮ ಕಣ್ಣು ಬಿಟ್ಟಿದ್ದಳು. ಮಗಳ ಕಡೆ ನೋಡಲಿಲ್ಲ. ಕಿಟಕಿಯ ಸರಳಿನ ಮೇಲಿದ್ದ ಅವಳ ಕೈಯಲ್ಲಿ ಹೆಬ್ಬೆರಳು ಮುಂದಿನ ಗೆಣ್ಣಿಗೆ ಸರಿದು, ಕಾಯುತ್ತಿತ್ತು.